ತುತ್ತು ಮೀಮಾಂಸೆ: ಕೊಂಗುನಾಡಿನ ಆರು ತಿಂಗಳ ಬಾಯಿಗಳನ್ನು ಕುರಿತ ಬೃಹದ್ಗ್ರಂಥದ ಪೀಠಿಕೆ

ಮೊದಲಿಗೆ ವಿಷಯ ನಿರ್ಣಯ. ತಾಯಿಯ ಹಾಲೊಂದನ್ನೇ ನೆಚ್ಚಿಕೊಂಡಿದ್ದ ಜೀವಕ್ಕೆ ಅನ್ನ, ಬೇಳೆ, ರಾಗಿ, ಬಾಳೆಹಣ್ಣು ಮುಂತಾದ ಲೌಕಿಕ ಪದಾರ್ಥಗಳ ಪರಿಚಯ ಮಾಡಿಸುವುದೇ ಈ ಗ್ರಂಥದ ವಿಷಯ. ಈ ಕ್ರಿಯೆಯಲ್ಲಿ ಕರ್ತೃ ಅಜ್ಜಿ, ಕರ್ಮ ತುತ್ತು, ಕರಣ ಚಮಚ, ಅಪಾದಾನ ಬೆಳ್ಳಿ ಬಟ್ಟಲು, ಅಧಿಕರಣ ಅಜ್ಜಿಯ ಚಾಚಿದ ಕಾಲು. ಸಂಪ್ರದಾನ ಮಾತ್ರ ವಿವಾದಾಸ್ಪದ. ವ್ಯಾಕರಣದ ಪ್ರಕಾರ ತುತ್ತು ಮಗುವಿಗೆ ಸಲ್ಲಬೇಕು. ವಸ್ತುಸ್ಥಿತಿಯಲ್ಲಿ ಅದು ಅಜ್ಜಿಯ ಸೀರೆಗೆ, ನೆಲಕ್ಕೆ, ಎದುರಿಗೆ ಭಕ್ತಿಯಿಂದ ಕೂತ ಬೆಕ್ಕಿಗೆ ಸಲ್ಲುತ್ತದೆ.

ಅಧ್ಯಯನದ ಕ್ಷೇತ್ರವಾಗಿ ಕೊಂಗುನಾಡಿನ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಲ್ಲಿನ ಎಷ್ಟೋ ದೇವಾಂಗ ನೇಕಾರರ ಮನೆಗಳಲ್ಲಿ, ಒಕ್ಕಲಿಗರ ಮನೆಗಳಲ್ಲಿ ಒಲೆಯ ಮುಂದಿನ ಮಾತು ಇಂದಿಗೂ ಕನ್ನಡ. ಹೊಸ್ತಿಲು ದಾಟಿದರೆ ತಮಿಳು, ಹಿಂದಿನ ಬೀದಿಯಲ್ಲಿ ತೆಲುಗು, ನೇಂದ್ರ ಬಾಳೆಯ ಗೊನೆ ಹೊತ್ತು ಪಾಲಕ್ಕಾಡಿನ ಕಡೆಯಿಂದ ಬಂದ ವ್ಯಾಪಾರಿಯ ಬಾಯಲ್ಲಿ ಮಲಯಾಳ, ಡಾಕ್ಟರ ಚೀಟಿಯಲ್ಲಿ ಇಂಗ್ಲಿಷು. ಸಿರುಮುಗೈಯ ಒಂದು ಕೂಸಿಗೆ ಅಜ್ಜಿ ‘ಬಾಯಿ ತೆಗಿ ಕಂದಾ’ ಎಂದರೆ, ಪಕ್ಕದ ಮನೆಯಾಕೆ ‘ಆ ಕಾಟ್ಟು’ ಎನ್ನುತ್ತಾಳೆ. ಕೂಸು ಎಲ್ಲ ಭಾಷೆಗಳನ್ನೂ ಸಮಾನ ಗೌರವದಿಂದ ಕಂಡು ಬಾಯಿ ಮುಚ್ಚಿಕೊಂಡೇ ಇರುತ್ತದೆ.

ಚರಿತ್ರೆಯ ತೊಡಕೂ ಇದೆ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರಂದು ಮೈಸೂರು ರಾಜ್ಯ ಸೇರುವ ತನಕ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಹಾಗಾಗಿ ರಾಗಿ ಸರಿ ಗಡಿ ದಾಟಿ ಆಚೆ ಹೋಯಿತೋ, ಗಡಿಯೇ ರಾಗಿ ಸರಿಯ ಪಾತ್ರೆ ದಾಟಿ ಈಚೆ ಬಂತೋ ಎಂಬುದು ಇತ್ಯರ್ಥವಾಗಿಲ್ಲ. ತಿರುಪ್ಪೂರು ಜಿಲ್ಲೆಯಾದರೋ 2009ರಲ್ಲಿ ಕೊಯಮತ್ತೂರು, ಈರೋಡು ಎಂಬ ಇಬ್ಬರು ತಾಯಂದಿರಿಂದ ಬೇರೆಯಾದ ಶಿಶು. ಆರನೇ ತಿಂಗಳಿಗೆ ಅದಕ್ಕೆ ಅನ್ನಪ್ರಾಶನ ಆಯಿತೇ ಎಂಬ ಬಗ್ಗೆ ಸರ್ಕಾರಿ ಗೆಜೆಟ್ಟು ಮೌನ ವಹಿಸಿದೆ.

ಇನ್ನು ಶಾಸ್ತ್ರಾಧಾರ. ಆಶ್ವಲಾಯನ ಗೃಹ್ಯಸೂತ್ರವು ಆರನೆಯ ತಿಂಗಳಲ್ಲಿ ಅನ್ನಪ್ರಾಶನವನ್ನು ವಿಧಿಸಿ, ಒಳ್ಳೆಯ ಹೋಟೆಲಿನ ಮಾಣಿಯ ಹಾಗೆ ಪಟ್ಟಿಯನ್ನೂ ಒಪ್ಪಿಸುತ್ತದೆ: ಪುಷ್ಟಿ ಬೇಕಾದವರಿಗೆ ಆಡಿನ ಮಾಂಸ, ಬ್ರಹ್ಮವರ್ಚಸ್ಸು ಬೇಕಾದವರಿಗೆ ತಿತ್ತಿರಿ ಹಕ್ಕಿಯ ಮಾಂಸ, ತೇಜಸ್ಸು ಬೇಕಾದವರಿಗೆ ತುಪ್ಪದನ್ನ. ಇಂದು ಅನ್ನಪ್ರಾಶನದ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರು ಮೊದಲೆರಡನ್ನು ಹಾರಿಸಿ ಮೂರನೆಯದನ್ನು ಮಾತ್ರ ಓದಿಕೊಂಡಿರುವುದು ಗಮನಾರ್ಹ. ತಿತ್ತಿರಿಯ ನೆಂಟ ಗೌಜಲಕ್ಕಿಯನ್ನು ಕೊಂಗುನಾಡಿನವರು ಕೌದಾರಿ ಎನ್ನುತ್ತಾರೆ. ಪಲ್ಲಡಂ, ಕಾಂಗೇಯಂ ಕಡೆಯ ಒಣಹೊಲಗಳ ಬೇಲಿಯಲ್ಲಿ ಅದು ಮುಂಜಾನೆ ಕೂಗುತ್ತದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವಂತಿಲ್ಲ. ಬ್ರಹ್ಮವರ್ಚಸ್ಸು ಬೇಕೇಬೇಕು ಎನ್ನುವವರು ಅರಣ್ಯ ಇಲಾಖೆಗೆ ಅರ್ಜಿ ಹಾಕಿಕೊಳ್ಳಬಹುದು.

ಸೋಜಿಗವೆಂದರೆ, ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಆರು ತಿಂಗಳು ದಾಟಿದ ಮಗುವಿಗೆ ಮೊಟ್ಟೆ, ಮೀನು, ಮಾಂಸದಂಥವು ದಿನವೂ ಸಲ್ಲಲಿ ಎನ್ನುತ್ತದೆ. ಹುಟ್ಟುವಾಗ ಮಗು ಕಟ್ಟಿಕೊಂಡು ಬಂದ ಕಬ್ಬಿಣದ ಬುತ್ತಿ ಆರು ತಿಂಗಳ ಹೊತ್ತಿಗೆ ಬರಿದಾಗುತ್ತ ಬರುತ್ತದೆಂಬುದು ಅದರ ವಾದ. ಆಶ್ವಲಾಯನರಿಗೂ ಜಿನೀವಾಕ್ಕೂ ಒಮ್ಮತ. ಅಡ್ಡ ಬಂದಿರುವವರು ನಡುವೆ ಕೂತ ನಾವು.

ಸ್ಥಳಪುರಾಣದತ್ತ ಹೊರಳಿದರೆ ತಿರುಪ್ಪೂರು ಜಿಲ್ಲೆಯ ಅವಿನಾಶಿ ಎದುರಾಗುತ್ತದೆ. ಕೆರೆಯ ಮೊಸಳೆ ನುಂಗಿದ್ದ ಬಾಲಕನನ್ನು ವರ್ಷಗಳ ತರುವಾಯ ಶಿವಭಕ್ತ ಸುಂದರಮೂರ್ತಿ ನಾಯನಾರರು ಹಾಡಿ ಹೊರತರಿಸಿದರು ಎಂಬುದು ಇಲ್ಲಿನ ಪ್ರಸಿದ್ಧ ಕಥೆ. ನುಂಗಿದ ತುತ್ತನ್ನು ಹೊರಗೆ ಉಗುಳಿದ್ದಕ್ಕೆ ಈ ಸೀಮೆಯಲ್ಲಿ ಸಿಗುವ ಅತಿ ಪ್ರಾಚೀನ ಆಧಾರ ಇದೇ ಎಂದು ನಮ್ಮ ನಮ್ರ ಅಭಿಪ್ರಾಯ. ಹೊರಬಂದ ಬಾಲಕ ಅಷ್ಟೂ ವರ್ಷಗಳ ಬೆಳವಣಿಗೆಯನ್ನು ಪಡೆದೇ ಬಂದಿದ್ದನಂತೆ. ಮೊಸಳೆಯ ಹೊಟ್ಟೆಯೊಳಗೆ ಇದ್ದೂ ತೂಕ ಸರಿಯಾಗಿ ಏರಿದ ಮಗು ಒಂದು ಕಡೆ. ಪಾಟಿ, ಅತ್ತೆ, ಚಿಕ್ಕಮ್ಮ, ಎರಡು ಮೊಬೈಲು ಸುತ್ತ ನೆರೆದಿದ್ದರೂ ಅಂಗನವಾಡಿಯ ತಕ್ಕಡಿಯಲ್ಲಿ ನೂರು ಗ್ರಾಂ ಏರದ ಮಗು ಇನ್ನೊಂದು ಕಡೆ. ಆಹಾರ ತಜ್ಞರು ಈ ಮೊಸಳೆಯ ಕಡೆ ಇನ್ನೂ ಕಣ್ಣು ಹಾಯಿಸಿಲ್ಲ.

ಈಗ ಕಾಲ ನಿರ್ಣಯ. ತುತ್ತನ್ನು ಯಾವಾಗ ಶುರುಮಾಡಬೇಕು? ಮೊದಲ ಪೂರ್ವಪಕ್ಷ: ಹುಟ್ಟಿದ ಗಳಿಗೆಯಲ್ಲೇ. ತಮಿಳುನಾಡಿನಲ್ಲಿ ‘ಸೇನೈ’ ಎಂಬ ರೂಢಿಯಿದೆ. ಮನೆತನದಲ್ಲಿ ಒಳ್ಳೆಯವರೆನಿಸಿಕೊಂಡವರೊಬ್ಬರು ಸಕ್ಕರೆ ನೀರನ್ನೋ ಜೇನನ್ನೋ ಕೂಸಿನ ನಾಲಗೆಗೆ ಮುಟ್ಟಿಸುತ್ತಾರೆ, ಮುಟ್ಟಿಸಿದವರ ಗುಣ ಮಗುವಿಗೆ ಬರುತ್ತದೆ ಎಂದು ನಂಬಿಕೆ. ಇದರ ನಿಜವಾದ ಪ್ರಯೋಜನ ಹದಿನೈದು ವರ್ಷದ ನಂತರ ತಿಳಿಯುತ್ತದೆ. ಹುಡುಗ ಹಟಮಾರಿಯಾದರೆ ಬೈಯಲು ಒಬ್ಬ ದೊಡ್ಡಪ್ಪ ಆಗಲೇ ನಿಗದಿಯಾಗಿರುತ್ತಾರೆ. ವೈದ್ಯರು ಇದನ್ನು ಒಪ್ಪುವುದಿಲ್ಲ. ಜೇನಿನಲ್ಲಿರಬಹುದಾದ ಬಾಟುಲಿಸಂ ಬೀಜಾಣುಗಳ ಭಯದಿಂದ ವರ್ಷ ತುಂಬುವ ತನಕ ಅದು ಕೂಡದು ಎನ್ನುತ್ತಾರೆ. ಈ ಮಾತಿನಲ್ಲಿ ಹಾಸ್ಯಕ್ಕೆ ಎಡೆಯಿಲ್ಲ. ಕೂಡದು ಎಂದರೆ ಕೂಡದು.

ಎರಡನೆಯ ಪೂರ್ವಪಕ್ಷ ನಾಲ್ಕು ತಿಂಗಳಿನವರದು. ಇವರ ಹೇತು: ‘ಮಗು ನಾವು ಉಣ್ಣುವುದನ್ನೇ ನೋಡುತ್ತೆ.’ ಮಗು ಫ್ಯಾನನ್ನೂ ಹಾಗೆಯೇ ನೋಡುತ್ತದೆ ಎಂದು ಸಿದ್ಧಾಂತಿಗಳ ಆಕ್ಷೇಪ. ಮೊದಲು ನಾಲ್ಕರಿಂದ ಆರು ಎಂದು ಜಗ್ಗಾಡುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಆರು ತಿಂಗಳು ಪೂರ್ತಿ ಎದೆಹಾಲೊಂದೇ ಎಂದು ಖಚಿತಪಡಿಸಿತು. ಭಾರತವೂ 1992ರ ಶಿಶು ಆಹಾರ ಕಾಯ್ದೆಯನ್ನು 2003ರಲ್ಲಿ ತಿದ್ದಿ ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನು ಕಟ್ಟಿಹಾಕಿದೆ. ಆದರೆ ಎದುರು ಮನೆಯ ಮಾಮಿಗೆ ಅನ್ವಯಿಸುವ ಕಲಂ ಅದರಲ್ಲಿ ಇಲ್ಲ. ಕಾನೂನಿನ ಈ ಬಿರುಕಿನಿಂದಲೇ ನಾಲ್ಕನೆಯ ತಿಂಗಳ ಬಿಸ್ಕತ್ತು ಒಳನುಸುಳುತ್ತದೆ.

ಕಾಲದ ಪ್ರಶ್ನೆಯಲ್ಲಿ ಯಾವ ಸೂತ್ರಕಾರನೂ ಕಾಣದ ಒಂದು ಯೋಗವಿದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು, ಎಂದರೆ 182 ದಿನ. ಆರು ತಿಂಗಳೆಂದರೆ ಹೆಚ್ಚುಕಡಿಮೆ 180. ಮಗುವಿನ ಬಾಯಿ ತುತ್ತಿಗೆ ತೆರೆಯುವ ವಾರವೇ ತಾಯಿಯ ರಜೆ ಮುಗಿದು ತಿರುಪ್ಪೂರಿನ ಬನಿಯನ್ ಕಂಪನಿಯ ವ್ಯಾನು ಬೀದಿಯ ಕೊನೆಯಲ್ಲಿ ಹಾರನ್ ಹೊಡೆಯುತ್ತದೆ. ಐವತ್ತು ಜನ ದುಡಿಯುವಲ್ಲಿ ಶಿಶುವಿಹಾರ ಇರಬೇಕೆಂದೂ ಅದೇ ತಿದ್ದುಪಡಿ ಹೇಳಿತು. ಪೀಸ್ ರೇಟಿನಲ್ಲಿ ಕಾಲರು ಹೊಲಿಯುವವಳ ಪಾಲಿಗೆ ಇವೆರಡೂ ಆಗಮ ಪ್ರಮಾಣವೇ ಹೊರತು ಪ್ರತ್ಯಕ್ಷ ಪ್ರಮಾಣವಲ್ಲ. ಹೀಗಾಗಿ ಹಾಲಿನ ಕಾಂಡ ತಾಯಿಯದು, ತುತ್ತಿನ ಕಾಂಡ ಅಜ್ಜಿಯದು ಎಂದು ಈ ಜಿಲ್ಲೆಯಲ್ಲಿ ವೇದ ವಿಭಾಗವಾಗಿದೆ.

ಮುಂದೆ ಮತಗಳು. ತುತ್ತನ್ನು ಹೇಗೆ ಕೊಡಬೇಕು? ಅದ್ವೈತಿಗಳು ಕೊಯಮತ್ತೂರಿನಲ್ಲಿ ಹುಟ್ಟಿದ್ದು ಸಹಜ. ವೆಟ್ ಗ್ರೈಂಡರಿನ ತವರು ಅದು, ಊರ ಹೆಸರಿನಲ್ಲೇ ಆ ಯಂತ್ರಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅನ್ನ, ಬೇಳೆ, ಮೇಟ್ಟುಪಾಳ್ಯದ ಮಂಡಿಯಿಂದ ಬಂದ ಊಟಿ ಕ್ಯಾರೆಟ್ಟು ಇವೆಲ್ಲ ಮಿಕ್ಸಿಗೆ ಬಿದ್ದು ನಾಮರೂಪ ಕಳೆದುಕೊಂಡ ಮೇಲೆ ಉಳಿಯುವುದು ಕಿತ್ತಳೆ ಬಣ್ಣದ ಒಂದೇ ಒಂದು ತತ್ತ್ವ. ಅದು ಗೋಡೆಗೆ ಅಂಟಿದರೆ ಮಾತ್ರ ಸತ್ಯ, ನಿತ್ಯ.

ದ್ವೈತಿಗಳು ಪಂಚಭೇದವಾದಿಗಳು. ಅನ್ನ ಬೇರೆ, ಬೇಳೆ ಬೇರೆ. ಬೇಳೆ ಬೇರೆ, ತರಕಾರಿ ಬೇರೆ. ತರಕಾರಿ ಬೇರೆ, ಮಗು ಬೇರೆ. ಮಗು ಬೇರೆ, ತಾಯಿ ಬೇರೆ. ತಾಯಿ ಬೇರೆ, ಅತ್ತೆ ಬೇರೆ. ಐದನೆಯ ಭೇದಕ್ಕೆ ಎಲ್ಲ ಮತಗಳೂ ತಲೆಬಾಗುತ್ತವೆ. ಶರವಣಂಪಟ್ಟಿಯ ಐಟಿ ಮನೆಗಳಲ್ಲಿ ಈ ಮತಕ್ಕೆ ಈಗ ಒಳ್ಳೆಯ ಕಳೆ. ಬ್ರಿಟನ್ನಿನ ಗಿಲ್ ರ‍್ಯಾಪ್ಲಿ 2008ರಲ್ಲಿ ಪುಸ್ತಕ ಬರೆದು, ಚಮಚ ಬಿಡಿ, ಬೆಂದ ಹೋಳನ್ನೇ ಮಗುವಿನ ಕೈಗಿಡಿ ಎಂದು ಇದಕ್ಕೆ ಹೊಸ ಭಾಷ್ಯ ಕೊಟ್ಟರು. ಹೋಳು ಮೊದಲು ಕಿವಿಗೆ, ಆಮೇಲೆ ಕೂದಲಿಗೆ, ಕೊನೆಗೆ ಬಾಯಿಗೆ ಹೋಗುವುದು ಕ್ರಮಮುಕ್ತಿ.

ವಿಶಿಷ್ಟಾದ್ವೈತಿಗಳು ಕೊಂಗುನಾಡಿನ ‘ಅರಿಸಿ ಪರುಪ್ಪು ಸಾದಂ’ ಬೇಯಿಸುವವರು. ಅಕ್ಕಿ, ತೊಗರಿಬೇಳೆ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಬೇಳೆ ಅಕ್ಕಿಯಲ್ಲಿ ಕರಗುವುದೂ ಇಲ್ಲ, ಬಿಟ್ಟಿರುವುದೂ ಇಲ್ಲ. ಮೆಣಸಿನಕಾಯಿಯ ಒಗ್ಗರಣೆಯಿಲ್ಲದೆ ಒಂದು ಹಿಡಿ ಬೇಯಿಸಿ, ತುಪ್ಪ ಬಿಟ್ಟು ಬೆರಳಲ್ಲಿ ಕಿವುಚಿದರೆ ಮಗುವಿನ ಊಟ ಸಿದ್ಧ. ನಮ್ಮ ಒಲವು ಈ ಮತದ ಕಡೆಗೇ; ನಿಷ್ಪಕ್ಷಪಾತ ಸಂಶೋಧಕರಿಗೂ ಹಸಿವಾಗುತ್ತದೆ. ಚಾರ್ವಾಕ ಮತಕ್ಕೆ ಸೇರಿದವನು ಅಪ್ಪ. ಸಂಜೆ ಬೇಕರಿಯಲ್ಲಿ ನಿಂತು ವರ್ಕಿಯನ್ನು ಚಹಾದಲ್ಲಿ ಅದ್ದಿ ಮಗುವಿಗೆ ಚೀಪಿಸುತ್ತಾನೆ. ಮಗು ನಗುತ್ತದೆ. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ ಎಂದರೆ ಅವನೂ ನಗುತ್ತಾನೆ.

ಗ್ರಂಥದ ತಿರುಳು ಮಾತ್ರ ತಿಳಿ ಮತ್ತು ಗಟ್ಟಿಯ ನಡುವಣ ಮಹಾವಾದ. ಬೆಳಗಿನ ಎಂಟು ಗಂಟೆಗೆ ತಿರುಪ್ಪೂರಿನ ವಠಾರವೊಂದರಲ್ಲಿ ನಡೆದ ಶಾಸ್ತ್ರಾರ್ಥವನ್ನು ಇದ್ದಹಾಗೆ ಕೊಡುತ್ತೇವೆ. ಅಜ್ಜಿ ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡಿದ್ದಾರೆ. ಒಳಲೆಯ ಮೂತಿಯಿಂದ ಬೇಳೆಕಟ್ಟು ಹಳದಿ ನೀರಾಗಿ ತೊಟ್ಟಿಕ್ಕುತ್ತಿದೆ.

‘ಅತ್ತೆ, ಗಟ್ಟಿಯಾಗಿ ಕಲಸಿ ಕೊಡಬೇಕು ಅಂದಿದಾರೆ ಡಾಕ್ಟ್ರು.’

‘ನಿನ್ನ ಗಂಡನಿಗೂ ಕಟ್ಟೇ ಕುಡಿಸಿದ್ದು ಕಣಮ್ಮಾ. ಬೆಳೀಲಿಲ್ವಾ ಅವನು?’

ಸೊಸೆ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಮಾತಾಡಲಿಲ್ಲ. ನ್ಯಾಯಶಾಸ್ತ್ರದಲ್ಲಿ ಇದಕ್ಕೆ ದೃಷ್ಟಾಂತಾಭಾಸ ಎನ್ನುತ್ತಾರೆ.

ತಿಳಿವಾದಿಗಳ ಬಲ ಇಲ್ಲಿನ ನೀರಿನ ಮಹಿಮೆ. ಸಿರುವಾಣಿಯ ನೀರು ಲೋಕದಲ್ಲೇ ರುಚಿಗೆ ಎರಡನೆಯದು ಎಂದು ಕೊಯಮತ್ತೂರಿನವರ ಹೆಮ್ಮೆ. ಅಂಥ ನೀರಿಗೆ ಬೇಳೆ ತೋರಿಸಿದರೂ ಸಾಕು, ಪುಷ್ಟಿ ತಾನಾಗಿ ಇಳಿಯುತ್ತದೆ ಎಂಬ ಭಾವ. ಗಟ್ಟಿವಾದಿಗಳ ಬಲ ಲೆಕ್ಕ. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಲ್ಲದೆ ದಿನಕ್ಕೆ ಸುಮಾರು 200 ಕ್ಯಾಲರಿ ಬೇಕು, ವರ್ಷ ದಾಟಿದ ಮೇಲೆ 550. ಹೊಟ್ಟೆಯೋ ಒಂದು ಸಣ್ಣ ಲೋಟದಷ್ಟು. ಅದನ್ನು ಬೇಳೆಕಟ್ಟಿನಿಂದ ತುಂಬಿಸಿದರೆ ಹೊಟ್ಟೆ ತುಂಬಿತು, ಕ್ಯಾಲರಿ ಪಾತ್ರೆಯ ತಳದಲ್ಲೇ ಉಳಿಯಿತು. ಆದ್ದರಿಂದ ಚಮಚವನ್ನು ಓರೆ ಮಾಡಿದರೂ ಸುರಿದು ಹೋಗದಷ್ಟು ಗಟ್ಟಿ ಇರಬೇಕು, ದಿನಕ್ಕೆ ಎರಡು ಮೂರು ಸಲ ಕೊಡಬೇಕು.

ಗಟ್ಟಿ ಮಾಡಿದರೆ ಮಗು ನುಂಗದು, ತೆಳ್ಳಗೆ ಮಾಡಿದರೆ ಬೆಳೆಯದು. ಈ ಉಭಯಸಂಕಟಕ್ಕೆ ಸಿದ್ಧಾಂತ ದೊರೆಯುವುದು ಬೇಳೆಕಟ್ಟಿನ ಅದೇ ಅಜ್ಜಿಯ ಅಟ್ಟದ ಡಬ್ಬಿಯಲ್ಲಿ. ರಾಗಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ವಸ್ತ್ರಗಾಳಿತ ಮಾಡಿಟ್ಟ ಹುಡಿ ಅದು. ಗಾಳಿಸುವ ಬಟ್ಟೆ ಈ ಊರಿನಲ್ಲಿ ಎಕ್ಸ್‌ಪೋರ್ಟ್ ಕ್ವಾಲಿಟಿಯದು. ಮೊಳಕೆಯೊಡೆದ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹುಡಿ ಹೆಚ್ಚು ಹಾಕಿದರೂ ಸರಿ ಅಂಟಿಕೊಳ್ಳದೆ ನಯವಾಗಿ ಇಳಿಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮಿಕ್ಕ ಸುಣ್ಣದ ಅಂಶವೂ ಇದೆ. ಅಜ್ಜಿ ಅಮೈಲೇಸಿನ ಹೆಸರು ಕೇಳಿದವರಲ್ಲ. ಡಾಕ್ಟರು ಡಬ್ಬಿ ತೆರೆದು ನೋಡಿದವರಲ್ಲ. ಹೀಗಾಗಿ ಒಂದೇ ಪಕ್ಷದ ಇಬ್ಬರು ಎದುರಾಳಿಗಳಾಗಿ ವಾದಿಸುತ್ತ ಬಂದಿದ್ದಾರೆ.

ಉಗುಳುವಿಕೆಯ ಬಗ್ಗೆ ಒಂದು ಮಾತು ಉಳಿಯಿತು. ಎಳೆಗೂಸಿನ ನಾಲಗೆ ಹೊರಗಿನದನ್ನು ಹೊರಗೇ ತಳ್ಳುವುದು ಹುಟ್ಟುಗುಣ. ತುತ್ತಿನ ಕಾಲ ಬರುವ ಹೊತ್ತಿಗೆ ಅದು ಮಾಸುತ್ತದೆ. ಮಾಸಿದ ಮೇಲೂ ಹೊಸ ರುಚಿಯನ್ನು ಒಪ್ಪಿಕೊಳ್ಳಲು ಮಗು ಎಂಟು ಹತ್ತು ಸಲ ನೋಡಬಹುದು. ಎರಡನೇ ಸಲಕ್ಕೇ ‘ಇದಕ್ಕೆ ನುಗ್ಗೆಸೊಪ್ಪು ಸೇರೋದಿಲ್ಲ’ ಎಂದು ಷರಾ ಬರೆದು, ಕಾಗೆ, ಚಂದ್ರ, ಟಿಎನ್ 39 ನಂಬರಿನ ಮಿನಿ ಬಸ್ಸು, ಕೊನೆಗೆ ಮೊಬೈಲು ತೋರಿಸಿ ತುರುಕುವುದನ್ನು ವಿತಂಡವಾದ ಎನ್ನಬೇಕು. ಆ ಚರ್ಚೆಯನ್ನು ಎರಡನೆಯ ಸಂಪುಟಕ್ಕೆ ಬಿಟ್ಟಿದ್ದೇವೆ.

ಸದ್ಯಕ್ಕೆ ಎರಡೂ ಜಿಲ್ಲೆಗಳ ಅಜ್ಜಿಯಂದಿರಲ್ಲಿ ಕೈಮುಗಿದು ಬೇಡುವುದಿಷ್ಟು. ಬೇಳೆಯ ಕಟ್ಟನ್ನು ಬಸಿದು ದೊಡ್ಡವರ ಸಾರಿಗೆ ಇಟ್ಟುಕೊಳ್ಳಿ, ಮೆಣಸು ಹುಣಿಸೆ ಹಾಕಿದರೆ ಸೊಗಸಾಗಿರುತ್ತದೆ. ತಳದ ಬೇಳೆಯನ್ನು ಮಗುವಿಗೆ ಕೊಡಿ.