ಖಾರ ಬ್ಯಾರೆ ಬಟ್ಲಲ್ಲಿ

(ಗುಂಡ್ಲುಪೇಟೆ ಬಸ್ ನಿಲ್ದಾಣದ ಹತ್ತಿರದ ಒಂದು ಹೋಟೆಲು. ಮಧ್ಯಾಹ್ನ. ಚಾಮರಾಜೇಶ್ವರನಿಗೆ ಕೈಮುಗಿದು ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟ ನಿವೃತ್ತ ಮೇಷ್ಟ್ರು, ಪತ್ನಿ ಪಾರ್ವತಿ. ಸಪ್ಲೈಯರ್ ಮಾದೇವ ಉಸಿರು ಬಿಡದೆ ಶುರು ಮಾಡುತ್ತಾನೆ.)

ಮಾದೇವ: ಇಡ್ಲಿ ಖಾಲಿ. ದೋಸೆ, ಪೂರಿ, ಪಲಾವ್, ಗೋಬಿ, ಪನೀರ್ ಬಟರ್ ಮಸಾಲ, ಊಟ. ಏನ್ ಕೊಡ್ಲಿ ಸಾ?

ಮೇಷ್ಟ್ರು: ಖಾರ ಇಲ್ಲದ್ದು ಏನಿದೆ?

ಮಾದೇವ: ನೀರು ಅದ ಸಾ. ಬಿಸೀದು.

ಪಾರ್ವತಿ: ಇವರಿಗೆ ಗ್ಯಾಸ್ಟ್ರಿಕ್ ಕಣಪ್ಪ. ಮೆಣಸಿನಕಾಯಿ, ಎಣ್ಣೆ, ಈರುಳ್ಳಿ ಮೂರೂ ಆಗಲ್ಲ.

ಮಾದೇವ: ಸಾಂಬಾರ್ ಈರುಳ್ಳಿ ಬೆಳಿಯ ತಾಲ್ಲೂಕ್ಗ ಬಂದು ಹಿಂಗಂದ್ರ ಹೆಂಗಮ್ಮ? ಭಯ ಬೀಳ್ಬ್ಯಾಡಿ, ನಮ್ದು ಪ್ಯೂರ್ ವೆಜ್ಜು.

ಮೇಷ್ಟ್ರು: ಪ್ಯೂರ್ ವೆಜ್ ಅಂತ ನಂಬಿಯೇ ನಿನ್ನೆ ಚಾಮರಾಜನಗರದಲ್ಲಿ ಒಂದು ಕಡೆ ಬಿಸಿಬೇಳೆಬಾತ್ ತಿಂದೆ. ಕೋಳಿ, ಕುರಿ ಯಾವುದೂ ಸತ್ತಿರಲಿಲ್ಲ. ನಾನೊಬ್ಬ ಸಾಯೋದು ಬಾಕಿ ಇತ್ತು.

ಮಾದೇವ: ಆ ಊರೇ ಹಂಗ ಸಾ. ಅಲ್ಲಿಗ ಬಂದ್ರ ಕುರ್ಚಿ ಹೋಯ್ತದ ಅಂತ ಮುಖ್ಯಮಂತ್ರಿಗಳೇ ಹೆದರ್ತಿದ್ರು.

ಮೇಷ್ಟ್ರು: ಸಿದ್ದರಾಮಯ್ಯ 2013ರಲ್ಲೇ ಬಂದು ಹೋದರಲ್ಲಯ್ಯ, 2018ರವರೆಗೂ ಕುರ್ಚಿ ಗಟ್ಟಿಯಾಗೇ ಇತ್ತು.

ಪಾರ್ವತಿ: ಇವರೂ ಅಷ್ಟೇ. ರಾತ್ರಿಯೆಲ್ಲ ಕುರ್ಚಿ ಬಿಟ್ಟು ಏಳಲೇ ಇಲ್ಲ. ಲಾಡ್ಜ್‌ನಲ್ಲಿ ವೆಸ್ಟರ್ನು.

ಮೇಷ್ಟ್ರು: ಊಟದ ಟೇಬಲ್ ಕಣೇ! (ಮಾದೇವನಿಗೆ) ನೋಡು, 2009ರಿಂದ ಬಂಡೀಪುರದಲ್ಲಿ ರಾತ್ರಿ 9ಕ್ಕೆ ಗೇಟು ಹಾಕಿದರೆ ಬೆಳಿಗ್ಗೆ 6ರ ತನಕ ಗಾಡಿ ಬಿಡಲ್ಲ. ನನ್ನ ಹೊಟ್ಟೆಗೂ ಅಂಥದೊಂದು ಆರ್ಡರ್ ಆಗಬೇಕು.

ಮಾದೇವ: ಅಲ್ಲೂ ಆಂಬುಲೆನ್ಸ್ ಬುಡ್ತಾರ ಸಾ.

ಮೇಷ್ಟ್ರು: ಹೋಗಲಿ, ಮೊಸರನ್ನ?

ಮಾದೇವ: ಹಸಿಮೆಣಸಿನಕಾಯಿ, ಶುಂಠಿ ಹಾಕಿ ಒಗ್ಗರಣ ಕೊಟ್ಟು...

ಮೇಷ್ಟ್ರು: ಹಾಕದೆ?

ಮಾದೇವ: ಹಾಕ್ದೆ ಇದ್ರ ಕಾಸ್ ಕೊಟ್ಟು ಯಾರ್ ತಿಂತಾರ? ಆ ಟೇಬಲ್ ನೋಡಿ, ಸೂರ್ಯಕಾಂತಿ ತೋಟದ ಫೋಟೋ ತೆಗಿಯಾಕ ವಯನಾಡಿಂದ ಬಂದವ್ರ. ಅವರೂ ಕುಚಲಕ್ಕಿ ಕೇಳಿ, ನಾವ್ ಕೊಟ್ಟದ್ನೇ ತಿಂದು ಹೋಯ್ತಾರ.

(ಅಷ್ಟರಲ್ಲಿ ಪಾರ್ವತಿಯ ಕಣ್ಣು ಗಲ್ಲಾದ ಮೇಲೆ. ಯಜಮಾನ ಮರೆಯಲ್ಲಿ ಟಿಫಿನ್ ಕ್ಯಾರಿಯರ್ ಬಿಚ್ಚಿದ್ದಾನೆ.)

ಪಾರ್ವತಿ: ಯಜಮಾನ್ರೇ, ಹೋಟೆಲು ನಿಮ್ಮದು, ಬುತ್ತಿ ಮನೇದಾ?

ಯಜಮಾನ: ಒಸಿ ಮೆಲ್ಗ ಮಾತಾಡಮ್ಮ, ಗಿರಾಕಿಗಳವ್ರ. ನಂಗೂ ಗ್ಯಾಸ್ಟ್ರಿಕ್ಕು. ಮುದ್ದ, ಉಪ್ಪೆಸ್ರು ತಂದಿವ್ನಿ.

ಮೇಷ್ಟ್ರು: ಉಪ್ಪೆಸರು ಖಾರ ಅಲ್ವಾ?

ಯಜಮಾನ: ಅದೆಲ್ಲಿ ಖಾರ? ಕಾಳು, ಸೊಪ್ಪು ಬೇಯ್ಸಿ ಬಸ್ದ ಕಟ್ಟು, ಅದ್ಕ ಉಪ್ಪು, ಅಷ್ಟೇಯ. ಮೆಣಸಿನಕಾಯಿ, ಬೆಳ್ಳುಳ್ಳಿ ಅರ್ದು ಬ್ಯಾರೆ ಬಟ್ಲಲ್ಲಿ ಮಡಗ್ತಾರ. ಕೂಸೂ ಮುದುಕ್ನೂ ಒಂದೇ ಮಡಕೇದು ಉಣ್ತಾರ. ಖಾರ ಎಷ್ಟು ಅನ್ನದು ಅವರವರ ಬೆರಳ್ಗ ಬುಟ್ಟದ್ದು.

ಮೇಷ್ಟ್ರು: ಇಂಥದ್ದು ಬೋರ್ಡಲ್ಲಿ ಯಾಕಿಲ್ಲ?

ಯಜಮಾನ: ಹಾಕುದ್ರ, ಮನೇಲಿ ತಿನ್ನದ್ನೇ ಇಲ್ಲೂ ತಿನ್ಬೇಕಾ ಅಂತಾರ. ಪನೀರ್ ಬಟರ್ ಮಸಾಲ ಅನ್ನಿ, ಯಾರೂ ಕೇಳಲ್ಲ. ಬನ್ನಿ ಮೇಷ್ಟ್ರೇ, ಅರ್ಧ ನಿಮ್ಗ. ಮಾದೇವ, ಒಂದ್ ತಟ್ಟ ತತ್ತಾ!

(ಮೇಷ್ಟ್ರು ಮುದ್ದೆಯನ್ನು ಅಗಿಯದೆ ನುಂಗುತ್ತಾರೆ, ಅಗಿದಿದ್ದರೆ ಆ ಸೀಮೆಯಲ್ಲಿ ಅವರ ಮಾನ ಉಳಿಯುತ್ತಿರಲಿಲ್ಲ. ಖಾರದ ಬಟ್ಟಲು ಪಾರ್ವತಿಯ ವಶ. ಹೊಟ್ಟೆ ತೆಪ್ಪಗಿದೆ.)

ಮೇಷ್ಟ್ರು: ಬಿಲ್ ಎಷ್ಟಾಯ್ತು?

ಮಾದೇವ: ಯಜಮಾನ್ರೇ, ಉಪ್ಪೆಸ್ರು ಬೋರ್ಡಲ್ಲಿಲ್ಲ. ಏನ್ ರೇಟ್ ಹಾಕನ?

ಯಜಮಾನ: ಮನೇದ್ಕ ಕಾಸ್ ಈಸ್ಕೊಂಡ್ರ ನಮ್ಮವ್ವ ಬುಟ್ಟಾಳಾ? ಸಾಂಬಾರ್‌ದು ಹಾಕು.

ಮೇಷ್ಟ್ರು: ತಿನ್ನದ ಸಾಂಬಾರಿಗೆ ಕಾಸಾ?

ಯಜಮಾನ: ತಿಂದಿದ್ರ ಔಷಧಿ ಅಂಗಡಿಗ ಕೊಡ್ತಿದ್ರಿ ಸಾ. ನಾನು ಅವನ್ಗಿಂತ ಕಮ್ಮಿ ತಕ್ಕತೀನಿ.