ಬಂಡೆ ತೂಗುವ ಬಗೆ: 'ರಾಕ್' ಶಬ್ದದ ಜಟಿಂಗ ರಾಮೇಶ್ವರ ಪ್ರಯೋಗಸಾರ

ಇಂಗ್ಲಿಷಿನಲ್ಲಿ 'ರಾಕ್' ಅಂದರೆ ಕದಲದ್ದು. 'ರಾಕ್' ಅಂದರೆ ಕದಲಿಸುವುದು. ಬಂಡೆಯೂ ಅದೇ, ತೊಟ್ಟಿಲು ತೂಗುವುದೂ ಅದೇ. ಎರಡಕ್ಕೂ ಹುಟ್ಟಿನ ನಂಟಿಲ್ಲ. ಬಂಡೆಯ ರಾಕ್ ಹಳೆಯ ಫ್ರೆಂಚಿನಿಂದ ಬಂದ ಸೊಸೆ, ತೂಗುವ ರಾಕ್ ಹಳೆಯ ಇಂಗ್ಲಿಷಿನ ಮನೆಮಗಳು. ಇಬ್ಬರೂ ಒಂದೇ ಸ್ಪೆಲ್ಲಿಂಗ್ ಉಟ್ಟು ಓಡಾಡುವುದರಿಂದ ನಿಘಂಟುಕಾರರು ಒಂದು, ಎರಡು ಎಂದು ನಂಬರು ಹಾಕಿ ಬೇರೆ ಬೇರೆ ಒಲೆ ಹೂಡಿಸಿದ್ದಾರೆ.

ಈ ವ್ಯಾಜ್ಯ ತೀರಬೇಕಾದದ್ದು ಆಕ್ಸ್‌ಫರ್ಡಿನಲ್ಲಿ ಅಲ್ಲ, ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಕಾರಣ ಸ್ಪಷ್ಟ. ಬಿ. ಎಲ್. ರೈಸ್ 1892ರಲ್ಲಿ ಲೋಕಕ್ಕೆ ತಿಳಿಸಿದ ಮೂರು ಅಶೋಕ ಶಾಸನಗಳಲ್ಲಿ ಒಂದು ಇಲ್ಲಿದೆ. ಉಳಿದೆರಡು ನೆರೆಯ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿ. ಇತಿಹಾಸದ ಪುಸ್ತಕಗಳು ಇವನ್ನು 'ಮೈನರ್ ರಾಕ್ ಎಡಿಕ್ಟ್' ಎನ್ನುತ್ತವೆ. ಕನ್ನಡದಲ್ಲಿ ಕಿರು ಬಂಡೆ ಶಾಸನ. ಎರಡನೇ ನಂಬರಿನ ರಾಕ್ ಹಿಡಿದು ಅನುವಾದಿಸಿದರೆ 'ಅಪ್ರಾಪ್ತ ವಯಸ್ಕರನ್ನು ತೂಗತಕ್ಕ ರಾಜಾಜ್ಞೆ' ಎಂದಾಗುತ್ತದೆ. ಕಚೇರಿ ಸುತ್ತೋಲೆಗಳ ಕನ್ನಡ ಓದಿ ಪಳಗಿದವರಿಗೆ ಇದರಲ್ಲಿ ತಪ್ಪೇನೂ ಕಾಣಿಸದು. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ನಿಜ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದೇ ಶಾಸನ ಹೇಳುವುದರಿಂದ ತೊಟ್ಟಿಲಿನ ವಾಸನೆ ಅದಕ್ಕೆ ತೀರ ಇಲ್ಲವೆನ್ನಲಾಗದು.

ಇನ್ನು ಪರ್ಯಾಯಪದ ವಿಚಾರ. ವಿದ್ವಾಂಸರು ಎಡಿಕ್ಟ್ ಅನ್ನುವ ಮೊದಲೇ ಊರವರು ಈ ಕಲ್ಲುಗಳಿಗೆ ನಾಮಕರಣ ಮಾಡಿ ಮುಗಿಸಿದ್ದರು. ಬ್ರಹ್ಮಗಿರಿಯದು ಅಕ್ಷರಗುಂಡು. ಸಿದ್ದಾಪುರದ್ದು ಎನಮನ ತಿಮ್ಮಯ್ಯನ ಗುಂಡ್ಲು; ಎನುಮು ಅಂದರೆ ತೆಲುಗಿನಲ್ಲಿ ಎಮ್ಮೆ, ಗಡಿ ಹತ್ತಿರದ ಊರಾದ್ದರಿಂದ ಬಂಡೆಗೂ ಎರಡು ಭಾಷೆ ಬರುತ್ತದೆ. ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು. ದೇವಸ್ಥಾನದ ಮೆಟ್ಟಿಲ ಎದುರಿನ ಹಾಸುಬಂಡೆ ಅದು. ಜಾತ್ರೆಯ ದಿನ ಬಳೆಗಾರರು ಅಲ್ಲಿಯೇ ಅಂಗಡಿ ಹೂಡುತ್ತಿದ್ದರು. ಬಿಸಿಲಿಗೆ ಚಪ್ಪರ ಬೇಕು, ಚಪ್ಪರಕ್ಕೆ ಗೂಟ ಬೇಕು, ಗೂಟಕ್ಕೆ ಕುಳಿ ಬೇಕು. ಹೀಗೆ ಮೌರ್ಯ ಚಕ್ರವರ್ತಿಯ ಸಾಲುಗಳ ನಡುವೆ ಕುಳಿ ಬಿದ್ದವು. ಸಾಮ್ರಾಟನ ಮಾತಿನ ಮೇಲೆ ಹಸಿರು ಗಾಜಿನ ಬಳೆಯ ಮಲಾರ ಬಿಚ್ಚಿಕೊಂಡು, ಕೂತವಳ ಅಂಗೈಯನ್ನು ಹಿಸುಕಿ ಹಿಸುಕಿ ಮೆತ್ತಗೆ ಮಾಡಿ, ಒಂದೊಂದೇ ಬಳೆ ಮಣಿಕಟ್ಟಿಗೆ ಏರಿಸುವ ಕೆಲಸ ಎಷ್ಟು ತಲೆಮಾರು ನಡೆಯಿತೋ. ಮೂರು ಶಾಸನಗಳಲ್ಲಿ ಬಹಳ ಸವೆದದ್ದು ಇದೇ. ಓದಲಾಗದ ಅಕ್ಷರಗಳನ್ನು ಬ್ರಹ್ಮಗಿರಿಯ ಪಾಠದ ನೆರವಿನಿಂದ ತುಂಬಿಕೊಳ್ಳಬೇಕಾಯಿತು. ಪುರಾತತ್ವದ ದೃಷ್ಟಿಯಿಂದ ಇದು ನಷ್ಟ. ಬಳೆಯ ದೃಷ್ಟಿಯಿಂದ ಒಳ್ಳೆಯ ಜಾಗ.

ಗಮನಿಸಿ: ಮೂರು ಹೆಸರಿನಲ್ಲೂ ಗುಂಡು. ಕಿಟೆಲ್ ಸಾಹೇಬರ ನಿಘಂಟು ಅಚ್ಚಾದದ್ದು 1894ರಲ್ಲಿ, ಶಾಸನ ಹೊರಬಂದ ಎರಡೇ ವರ್ಷಕ್ಕೆ. ಆದರೂ ಈ ಪದದ ಪೂರ್ತಿ ಸಂಸಾರ ಕಾಣಲು ಬೀದಿಗೇ ಇಳಿಯಬೇಕು. ಒರಳಲ್ಲಿ ತಿರುಗುವುದು ಗುಂಡು, ಗರಡಿಯವನು ಎತ್ತುವುದು ಗುಂಡು, ಕೋವಿಯಿಂದ ಹಾರುವುದು ಗುಂಡು, ಸಂಜೆ ಹಾಕುವುದೂ ಗುಂಡು. ಆರೋಗ್ಯವಂತನನ್ನು 'ಗುಂಡುಕಲ್ಲಿನ ಹಾಗಿದ್ದಾನೆ' ಎನ್ನುತ್ತೇವೆ. ಸುವರ್ಣಗಿರಿಯ ಆರ್ಯಪುತ್ರನೆಂಬ ರಾಜಕುಮಾರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲವೆಂಬ ಊರಿನ ಮಹಾಮಾತ್ರರಿಗೆ ಈ ಆಜ್ಞೆ ಕಳಿಸುವಾಗ ಮೊದಲು ವಿಚಾರಿಸಿದ್ದು ಆರೋಗ್ಯವನ್ನೇ. ಗುಂಡಿನ ಮೇಲೆ ಕೊರೆಯುವ ಪತ್ರದಲ್ಲಿ ಬೇರೆ ಏನು ಕೇಳಿಯಾರು? ಇಂಗ್ಲಿಷಿನವರೂ ಬರಿಯ ಮಂಜುಗಡ್ಡೆಯ ಮೇಲೆ ಮದ್ಯ ಸುರಿದು 'ಆನ್ ದ ರಾಕ್ಸ್' ಎನ್ನುವುದರಿಂದ ಎರಡೂ ಭಾಷೆಯ ಕಲ್ಲುಗಳು ಸಂಧಿಸುವ ಸ್ಥಳ ಬಾರು. ಕನ್ನಡದ ಕಲ್ಲು ಮಾತ್ರ ಅಲ್ಲಿ ಕರಗುವುದಿಲ್ಲ.

ಎರಡನೇ ರಾಕ್‌ಗೆ ಕನ್ನಡದಲ್ಲಿ ಬಡತನವಿಲ್ಲ, ಆದರೆ ಒಬ್ಬರ ಕೆಲಸ ಇನ್ನೊಬ್ಬರು ಮಾಡರು. ತೊಟ್ಟಿಲು ತೂಗುತ್ತಾರೆ, ಉಯ್ಯಾಲೆ ಜೀಕುತ್ತಾರೆ. ಹಲ್ಲು ಅಲ್ಲಾಡುತ್ತದೆ, ಸರ್ಕಾರವೂ. ದೋಣಿ ಹೊಯ್ದಾಡುತ್ತದೆ, ಮನಸ್ಸೂ. ತೆನೆ ತೊನೆದಾಡುತ್ತದೆ. ಮೇಲೆ ಹೇಳಿದ ಗುಂಡು ಹಾಕಿದವನು ತೂರಾಡುತ್ತಾನೆ. 'ರಾಕಿಂಗ್ ಸ್ಟಾರ್' ಎಂಬ ಬಿರುದಿನ ಯಶ್‌ಗೆ ಇವುಗಳಲ್ಲಿ ಯಾವುದನ್ನು ಹಚ್ಚಿದರೂ ಅಭಿಮಾನಿಗಳು ಕೇಸು ಹಾಕಿಯಾರು. ಅದಕ್ಕೇ ಅದು ಇಂಗ್ಲಿಷಿನಲ್ಲೇ ಉಳಿದಿದೆ. ಬಿರುದು ಎರಡನೇ ನಂಬರಿನದೆಂದು ಭಾಷಾಶಾಸ್ತ್ರ ಹೇಳುತ್ತದೆ, ಕುಣಿತದ ರಾಕ್ ಅಂಡ್ ರೋಲ್ ಕಡೆಯದು. ಆದರೆ 2018ರ ಕೆಜಿಎಫ್ ಚಿತ್ರದ ರಾಕಿಯನ್ನು ಪರದೆಯ ಮೇಲೆ ನೋಡಿದವರು ಒಂದನೇ ನಂಬರೇ ಎಂದು ಪ್ರಮಾಣ ಮಾಡುತ್ತಾರೆ. ಅಶೋಕನ ರಾಕ್‌ಗೆ ಸುವರ್ಣಗಿರಿ, ಈ ರಾಕಿಗೆ ಚಿನ್ನದ ಗಣಿ. ಕಾಕತಾಳೀಯ ಎಂದು ಕೈಬಿಡುವವರು ಪಿಎಚ್‌ಡಿ ಮಾಡಿದವರಲ್ಲ.

ಎರಡು ಅರ್ಥ ಒಂದೇ ಕಡೆ ಸೇರಿದ್ದಕ್ಕೆ ಸಾಕ್ಷಿ ಬೇಕೆಂದರೆ ಚಿತ್ರದುರ್ಗದ ಕೋಟೆ ಹತ್ತಿ ಉಯ್ಯಾಲೆ ಕಂಬ ನೋಡಬೇಕು: ದೇವರು ತೂಗಲೆಂದು ಕಲ್ಲನ್ನೇ ನಿಲ್ಲಿಸಿದ್ದು. ಅಷ್ಟು ದೂರ ಆಗದಿದ್ದರೆ ಚಳ್ಳಕೆರೆ ಕಡೆಯ ಶೇಂಗಾ ಹೊಲಕ್ಕೆ ಬರಬಹುದು. ಬೇವಿನ ಕೊಂಬೆಗೆ ಹಳೆ ಸೀರೆಯ ಜೋಲಿ. ಅದರಿಂದ ಇಳಿದ ದಾರ ಬಂಡೆಗೆ ಒರಗಿ ಕಾಯಿ ಬಿಡಿಸುತ್ತಿರುವ ತಾಯಿಯ ಕಾಲ್ಬೆರಳಿಗೆ. ಕೈ ನಿಂತರೂ ಬೆರಳು ನಿಲ್ಲದು.

ಇಲ್ಲಿಗೆ ಪ್ರಬಂಧ ಮುಗಿಯಬೇಕಿತ್ತು. ಆದರೆ ನಿಘಂಟಿನ ಪುಟ ತಿರುವಿದಾಗ ಮೂರನೇ ರಾಕ್ ಎದುರಾಯಿತು: ನೂಲುವ ಮುನ್ನ ನಾರು ಸುತ್ತಿಡುವ ಕೋಲು. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ರಜೆ ಮುಗಿಸಿ ಹೆಂಗಸರು ಮತ್ತೆ ನೂಲಲು ಕೂರುತ್ತಿದ್ದ ಜನವರಿ 7ಕ್ಕೆ ಅದರ ಹೆಸರೇ ಇತ್ತು. ಇದನ್ನೂ ಇಲ್ಲಿಗೇ ತರುವ ಹುರುಪಿನಲ್ಲಿ ಮೊಳಕಾಲ್ಮೂರು ಸೀರೆಯ ಮಗ್ಗಗಳನ್ನು ತಡಕಿದರೆ ಸಿದ್ಧಾಂತಕ್ಕೆ ಪೆಟ್ಟು ಬೀಳುತ್ತದೆ. ರೇಷ್ಮೆಯನ್ನು ನೂಲುವುದಿಲ್ಲ, ಗೂಡಿನಿಂದ ಬಿಚ್ಚುತ್ತಾರೆ. ಕೋಲಿಗೆ ಅಲ್ಲಿ ಕೆಲಸವಿಲ್ಲ.

ಆದರೆ ಸಿದ್ಧಾಂತಿ ಸೋಲುವವನಲ್ಲ. ಇದೇ ಕೋಲಿಗೆ ಇಟಲಿಯವರು ರೊಕ್ಕಾ ಎಂದರು, ಪುಟ್ಟದಕ್ಕೆ ರೊಕ್ಕೆಟ್ಟಾ. ಆಕಾರ ಹಾಗೇ ಇದ್ದ ಬಾಣಬಿರುಸಿಗೂ ಆ ಹೆಸರು ಅಂಟಿ ರಾಕೆಟ್ ಆಯಿತು. ರಾಕೆಟ್ಟಿನವರು ಚಳ್ಳಕೆರೆಗೆ ಬಂದಿದ್ದಾರೆ. 2023ರ ಏಪ್ರಿಲ್ 2ರ ಬೆಳಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ಇಸ್ರೋದ ರೆಕ್ಕೆಯ ವಾಹನವೊಂದನ್ನು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ಡಿಆರ್‌ಡಿಒ ಪರೀಕ್ಷಾ ಕೇಂದ್ರದ ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್ 22ರಂದು ಎರಡನೇ ಸಲ ಇಳಿದಾಗ ಅದಕ್ಕೊಂದು ಹೆಸರಿತ್ತು: ಪುಷ್ಪಕ್.

ಜಟಿಂಗ ರಾಮೇಶ್ವರದ ಸ್ಥಳಪುರಾಣ ಬಲ್ಲವರಿಗೆ ಈ ಹೆಸರು ಕೇಳಿದೊಡನೆ ಕಿವಿ ನೆಟ್ಟಗಾಗುತ್ತದೆ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನ ವಿಮಾನಕ್ಕೆ ಅಡ್ಡ ಹಾರಿ, ರೆಕ್ಕೆ ಕಡಿಸಿಕೊಂಡು ಜಟಾಯು ಬಿದ್ದದ್ದು ಈ ಬೆಟ್ಟದ ಮೇಲೆಯೇ. 2024ರ ಜೂನ್ 23ರಂದು ಪುಷ್ಪಕ್ ಮೂರನೇ ಸಲವೂ ಇಳಿಯಿತು. ಅಡ್ಡ ಬಂದ ಹಕ್ಕಿಯ ವಿಷಯ ಇಸ್ರೋ ಪ್ರಕಟಣೆಯಲ್ಲಿಲ್ಲ.