ನಿಂತರೊಂದು ರೇಟು, ಕೂತರೊಂದು ರೇಟು

ಟಿಕೆಟ್ ಆಯ್ತಂತೆ ಅಕ್ಕಾ! ರೋಮ್, ಫ್ಲಾರೆನ್ಸ್, ವೆನಿಸ್, ಬರುವಾಗ ಎರಡು ದಿನ ಪ್ಯಾರಿಸ್. ಅದೂ ಟೂರಿನವರ ಹಿಂದೆ ಹೋಗದೆ ನೀವಿಬ್ಬರೇ. ಕೇಳಿ ತುಂಬಾ ಖುಷಿಯಾಯ್ತು. ಆದರೆ ಭಾವನವರು ಗೇಟಿನ ಹತ್ತಿರ ಹೇಳಿದ ಒಂದು ಮಾತು ನನಗೆ ಸರಿಬರಲಿಲ್ಲ. "ಊಟಕ್ಕೆ ಖರ್ಚೇ ಇಲ್ಲಮ್ಮಾ, ಒಂದು ಸೂಟ್‌ಕೇಸ್ ತುಂಬಾ ಉಪ್ಪಿಟ್ಟು ಮಿಕ್ಸು, ಅವಲಕ್ಕಿ, ಚಟ್ನಿಪುಡಿ" ಅಂದರು. ಅಲ್ಲ ಅಕ್ಕಾ, ಒಂದೆರಡು ಹೊತ್ತಿಗೆ ಇರಲಿ. ಇಳಿದ ರಾತ್ರಿ ಎಲ್ಲಿ ಏನು ಅಂತ ಗೊತ್ತಾಗದಾಗ ಅವಲಕ್ಕಿ ಕಾಪಾಡುತ್ತೆ. ತುಪ್ಪದ ಡಬ್ಬಿ ಮಾತ್ರ ತೆಗೆದಿಡಿ. ಹಾಲಿನ ಪದಾರ್ಥ, ಮಾಂಸ ಇವನ್ನು ಹೊರಗಿನ ದೇಶಗಳಿಂದ ಯೂರೋಪಿಯನ್ ಒಕ್ಕೂಟದೊಳಕ್ಕೆ ತರೋ ಹಾಗಿಲ್ಲ, ಏರ್‌ಪೋರ್ಟಿನಲ್ಲೇ ಕಸಿದುಕೊಳ್ತಾರೆ. ಹತ್ತು ದಿನವೂ ರೂಮಿನಲ್ಲಿ ಬಿಸಿನೀರು ಹುಯ್ಕೊಂಡು ತಿಂದು ಬಂದರೆ ಇಟಲಿಯನ್ನ ಅರ್ಧಂಬರ್ಧ ನೋಡಿದ ಹಾಗೆ. ಕೊಲೊಸಿಯಮ್ ಟಿಕೆಟ್ಟಿಗೆ ಮೊದಲೇ ದುಡ್ಡು ಎತ್ತಿಡ್ತೀವಿ, ಊಟಕ್ಕೆ ಉಳಿದದ್ದು ಅಂತೀವಿ. ಊಟದ ಸಾಲನ್ನೇ ಮೊದಲು ಬರೀರಿ ಅನ್ನೋದು ನನ್ನ ಕೋರಿಕೆ.

ಬ್ಯಾಂಕಿನಲ್ಲಿ ಅಷ್ಟು ವರ್ಷ ಕೂತವಳು, ಲೆಕ್ಕ ಹೇಳದೆ ಬಿಡ್ತೀನಾ? ಒಂದು ಯೂರೋಗೆ ನೂರು ರೂಪಾಯಿ ಅಂತ ಇಟ್ಟುಕೊಳ್ಳಿ, ಹೆಚ್ಚುಕಮ್ಮಿ ಅಷ್ಟೇ. ಆ ಗುಣಾಕಾರವನ್ನ ಇಲ್ಲಿ, ಮನೆಯಲ್ಲಿ, ಒಂದೇ ಸಲ ಮಾಡಿ ಮುಗಿಸಿ. ದಿನಕ್ಕೆ ಇಬ್ಬರಿಗೂ ಸೇರಿ 60 ಯೂರೋ ಅಂತ ಗೊತ್ತುಮಾಡಿಕೊಂಡರೆ, ಅಲ್ಲಿ ಹೋದಮೇಲೆ ಆ 60ರೊಳಗೆ ಮಾತ್ರ ಯೋಚನೆ. ಹಾಗಲ್ಲದೆ ಮೆನು ಕಾರ್ಡು ತೆರೆದಾಗಲೆಲ್ಲ ನೂರರಿಂದ ಗುಣಿಸ್ತಾ ಕೂತರೆ ಒಂದು ತಟ್ಟೆ ಪಾಸ್ತಾ 1,200 ರೂಪಾಯಿ ಅಂತ ಕಾಣುತ್ತೆ, ಗಂಟಲಲ್ಲಿ ಇಳಿಯಲ್ಲ.

ಕಾಫಿಯಿಂದ ಶುರುಮಾಡೋಣ, ನಿಮಗೆ ಅದಿಲ್ಲದೆ ಬೆಳಗಾಗಲ್ಲ. ಅಲ್ಲಿ 'ಬಾರ್' ಅಂತ ಬೋರ್ಡಿದ್ದರೆ ಹೆದರಬೇಡಿ, ಅದು ಬೆಳಗಿನ ಕಾಫಿ ಅಂಗಡಿ. ನಮ್ಮ ದರ್ಶಿನಿಯ ಹಾಗೆ ಎಷ್ಟೋ ಕಡೆ ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ತಗೋಬೇಕು, ಚೀಟಿಯನ್ನ ಕೌಂಟರಿನ ಮೇಲಿಟ್ಟು ಹೇಳಬೇಕು, ನಿಂತೇ ಕುಡಿದು ಹೊರಡಬೇಕು. ಹಾಗೆ ನಿಂತು ಕುಡಿದರೆ ಎಸ್ಪ್ರೆಸ್ಸೊ ಒಂದೂಕಾಲು, ಒಂದೂವರೆ ಯೂರೋ. ಅದೇ ಕಾಫಿಯನ್ನ ಕುರ್ಚಿ ಎಳೆದು ಕೂತು ತರಿಸಿಕೊಂಡರೆ ಎರಡರಷ್ಟಾಗಬಹುದು, ದೊಡ್ಡ ಚೌಕಗಳಲ್ಲಿ ಮೂರು-ನಾಲ್ಕರಷ್ಟೂ ಆಗುತ್ತೆ. ಇದು ಮೋಸ ಅಲ್ಲ, ಎರಡೂ ರೇಟು ಗೋಡೆ ಮೇಲೆ ಹಾಕಿರ್ತಾರೆ. ಇದರ ಹಿಂದೆ ಹಳೇ ಕಥೆಯೊಂದಿದೆ. 1911ರಲ್ಲಿ ಅಲ್ಲಿನ ಸರ್ಕಾರ ಅಗತ್ಯ ವಸ್ತುಗಳಿಗೆ ಗರಿಷ್ಠ ಬೆಲೆ ಕಟ್ಟೋ ಅಧಿಕಾರವನ್ನ ನಗರಸಭೆಗಳಿಗೆ ಕೊಡ್ತು. ಕಾಫಿಯೂ ಆ ಲೆಕ್ಕಕ್ಕೆ ಬಂತು, ಆದರೆ ನಿಂತು ಕುಡಿಯೋ ಕಾಫಿ ಮಾತ್ರ. ಹಾಗಾಗಿ ಕೂಲಿ ಮಾಡೋನೂ ವಕೀಲನೂ ಒಂದೇ ಕೌಂಟರಿಗೆ ಮೊಣಕೈ ಊರಿ ಕುಡಿಯೋ ಪದ್ಧತಿ ಗಟ್ಟಿಯಾಯ್ತು. ಎಂಥ ಒಳ್ಳೆಯ ಪದ್ಧತಿ ಅಲ್ವಾ? ಒಂದು ಕಪುಚಿನೊ, ಒಂದು ಕೊರ್ನೆಟ್ಟೊ ಬನ್ನು, ತಲೆಗೆ ಮೂರು ಮೂರೂವರೆ ಯೂರೋದಲ್ಲಿ ತಿಂಡಿ ಮುಗೀತು. ಹೋಟೆಲಿನವರು ತಿಂಡಿಗೆ ಹತ್ತೋ ಹದಿನೈದೋ ಬೇರೆ ಕೇಳಿದರೆ ಬೇಡ ಅನ್ನಿ.

ವೆನಿಸಿನ ಸಾನ್ ಮಾರ್ಕೊ ಚೌಕದಲ್ಲಿ ಕಫೆ ಫ್ಲೋರಿಯಾನ್ ಅಂತಿದೆ, 1720ರಿಂದ ನಡೀತಿರೋದು. ಅಲ್ಲಿ ಹೊರಗೆ ಕೂತರೆ ವಾದ್ಯಗೋಷ್ಠಿ ನುಡಿಸುವಾಗ ಸಂಗೀತಕ್ಕೂ ತಲೆಗೆ ಇಷ್ಟು ಅಂತ ಬಿಲ್ಲಿಗೆ ಸೇರಿಸ್ತಾರೆ. ಕೂರಬೇಡಿ ಅನ್ನಲ್ಲ, ಆದರೆ ಅದನ್ನ ಕಾಫಿ ಲೆಕ್ಕಕ್ಕೆ ಬರೀಬೇಡಿ, ಕಚೇರಿ ಲೆಕ್ಕಕ್ಕೆ ಬರೀರಿ. ಆಗ ನೆಮ್ಮದಿಯಾಗಿ ಕೇಳಬಹುದು.

ಈಗ ಊಟ. ಅಕ್ಕಾ, ಇದೇ ಮುಖ್ಯ, ಸ್ವಲ್ಪ ಆ ಮೆಣಸಿನಕಾಯಿ ಒಣಹಾಕೋದು ಬಿಟ್ಟು ಕೇಳಿ. ದುಡ್ಡು ಸೋರೋದು ತಿಂದದ್ದರಿಂದ ಅಲ್ಲ, ಹಸಿದ ಹೊತ್ತಿನಿಂದ. ಅಲ್ಲಿ ಅಡುಗೆಮನೆಗೆ ಹೊತ್ತುಗೊತ್ತಿದೆ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿ ಏಳೂವರೆ ಮೇಲೆ. ನಡುವೆ ಒಳ್ಳೆಯ ಹೋಟೆಲುಗಳೆಲ್ಲ ಬಾಗಿಲು ಹಾಕ್ತಾರೆ. ನೀವು ವ್ಯಾಟಿಕನ್ ಸುತ್ತಿ ನಾಲ್ಕು ಗಂಟೆಗೆ ಕಾಲುನೋವಲ್ಲಿ, ಹೊಟ್ಟೆ ಹಸಿವಲ್ಲಿ ಹೊರಗೆ ಬಂದರೆ ಆಗ ತೆರೆದಿರೋದು ಬಹುಪಾಲು ಪ್ರವಾಸಿಗಳಿಗೇ ಅಂತ ಇರೋ ಜಾಗಗಳು. ಬಾಗಿಲಲ್ಲಿ ಫೋಟೋ ಹಾಕಿದ ಮೆನು, ಐದಾರು ಭಾಷೆ, ಒಬ್ಬ ನಿಂತು ಕರೀತಿರ್ತಾನೆ. ಬೆಲೆ ಜಾಸ್ತಿ, ರುಚಿ ಸಪ್ಪೆ. ಆದ್ದರಿಂದ ಮ್ಯೂಸಿಯಮ್ ಟಿಕೆಟ್ ಬುಕ್ ಮಾಡುವಾಗಲೇ ಊಟದ ಹೊತ್ತು ನೋಡಿ ಮಾಡಿ. ಒಂದು ಗಂಟೆಗೆ ಖಾಲಿ ಇರಬೇಕು ನೀವು.

ದೊಡ್ಡ ಊಟ ಮಧ್ಯಾಹ್ನವೇ ಇರಲಿ. ಆಫೀಸಿನವರಿಗೆ ಅಂತ 'ಪ್ರಾಂಜೊ ದಿ ಲವೋರೊ' ಇಡ್ತಾರೆ. ಒಂದು ಪಾಸ್ತಾ, ಜೊತೆಗೆ ಇನ್ನೊಂದು ಪದಾರ್ಥ, ಕೆಲವು ಕಡೆ ನೀರು, ಕಾಫಿ ಎಲ್ಲ ಸೇರಿ 12ರಿಂದ 15 ಯೂರೋ. ಚೌಕದಿಂದ ನಾಲ್ಕು ಬೀದಿ ಒಳಗೆ ಹೋಗಿ, ಟೈ ಕಟ್ಟಿದವರು, ಕಟ್ಟಡ ಕೆಲಸದವರು ಜೊತೆಜೊತೆಗೆ ಕೂತಿರೋ ಜಾಗ ಕಂಡರೆ ನುಗ್ಗಿ. ಎಷ್ಟೋ ಕಡೆ ಬಿಲ್ಲಿನಲ್ಲಿ 'ಕೋಪೆರ್ತೊ' ಅಂತ ತಲೆಗೆ ಒಂದೂವರೆಯೋ ಎರಡೋ ಯೂರೋ ಇರುತ್ತೆ. ಕೂತದ್ದಕ್ಕೆ, ಬ್ರೆಡ್ಡಿಗೆ ಅದು. ಮೆನುವಿನ ಕೆಳಗೆ ಬರೆದಿರಲೇಬೇಕು. ಕೊಟ್ಟುಬಿಡಿ, ಜಗಳ ಬೇಡ, ಬಜೆಟ್ಟಿನಲ್ಲೇ ಸೇರಿಸಿರಿ. ಹಾಗೆ ಕೊಟ್ಟಮೇಲೆ ಟಿಪ್ಸ್ ಇಡಲೇಬೇಕು ಅಂತೇನಿಲ್ಲ. ಅಮೆರಿಕದಲ್ಲಿ ನೂರಕ್ಕೆ ಹದಿನೆಂಟು ಇಪ್ಪತ್ತು ಇಡದಿದ್ದರೆ ಬಡಿಸಿದವರ ಹೊಟ್ಟೆಗೆ ಹೊಡೆದ ಹಾಗೆ, ಇಟಲಿಯಲ್ಲಿ ಆ ಕಟ್ಟುಪಾಡಿಲ್ಲ. ಚೆನ್ನಾಗಿ ನೋಡಿಕೊಂಡರೆ ಚಿಲ್ಲರೆ ಬಿಟ್ಟು ಬನ್ನಿ.

ನೀವು ಸಸ್ಯಾಹಾರಿಗಳು, ಅದೊಂದು ಲಾಭ ಅಕ್ಕಾ. ಅಲ್ಲಿ ಬಿಲ್ಲು ಏರಿಸೋದು ಮೀನು, ಮಾಂಸ. ಮೀನಿಗೆ ಎಷ್ಟೋ ಕಡೆ ನೂರು ಗ್ರಾಮಿನ ರೇಟು ಬರೆದಿರ್ತಾರೆ, ಗೊತ್ತಿಲ್ಲದೆ ಹೇಳಿದವರು ಬಿಲ್ಲು ನೋಡಿ ಬೆಚ್ಚಿಬೀಳ್ತಾರೆ. ಬಡವರ ಅಡುಗೆಯಲ್ಲಿ ತರಕಾರಿ, ಕಾಳು, ಬ್ರೆಡ್ಡೇ ಎಲ್ಲ. ಫ್ಲಾರೆನ್ಸಿನಲ್ಲಿ ಟೊಮೆಟೊ ಬ್ರೆಡ್ಡು ಬೇಯಿಸಿದ ಪಾಪ್ಪ ಅಲ್ ಪೊಮೊದೋರೊ, ಕರಿ ಎಲೆಕೋಸು, ಬೀನ್ಸ್ ಕಾಳು ಹಾಕಿದ ರಿಬೊಲ್ಲಿತಾ ಕೇಳಿ. 'ಸೆಂಝಾ ಕಾರ್ನೆ, ಸೆಂಝಾ ಬ್ರೋದೊ ದಿ ಕಾರ್ನೆ' ಅಂದರೆ ಮಾಂಸವೂ ಬೇಡ, ಮಾಂಸ ಬೇಯಿಸಿದ ನೀರೂ ಬೇಡ ಅಂತ. ಚೀಟಿಯಲ್ಲಿ ಬರೆದಿಟ್ಟುಕೊಂಡು ತೋರಿಸಿ. ಪಾರ್ಮೆಜಾನ್ ಚೀಸಿಗೆ ಕರುವಿನ ಹೊಟ್ಟೆಯ ರೆನೆಟ್ ಹಾಕ್ತಾರೆ, ನೀವು ಅದನ್ನೂ ನೋಡೋರು ಅಂತ ಹೇಳ್ತಿದೀನಿ. ಮರಿನಾರಾ ಪಿಜ್ಜಾಕ್ಕೆ ಚೀಸೇ ಇಲ್ಲ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ. ಸಾಮಾನ್ಯವಾಗಿ ಪಟ್ಟಿಯಲ್ಲಿ ಅದೇ ಎಲ್ಲಕ್ಕಿಂತ ಅಗ್ಗ, ನನ್ನ ಕೇಳಿದರೆ ಎಲ್ಲಕ್ಕಿಂತ ರುಚಿಯೂ ಅದೇ. ರಾತ್ರಿಗೆ ರೋಮಿನ 'ಪಿಜ್ಜಾ ಅಲ್ ತಾಲ್ಯೊ' ಅಂಗಡಿ ಸಾಕು. ಬೇಕಾದಷ್ಟಗಲ ಕೈಯಲ್ಲಿ ತೋರಿಸಿದರೆ ಕತ್ತರಿಸಿ, ತಕ್ಕಡಿಯಲ್ಲಿ ತೂಗಿ ಕೊಡ್ತಾರೆ. ಆದರೆ ಅದನ್ನ ಹಿಡಿದು ಸ್ಪ್ಯಾನಿಷ್ ಮೆಟ್ಟಿಲ ಮೇಲೆ ಕೂರಬೇಡಿ. 2019ರಿಂದ ಅಲ್ಲಿ ಕೂತರೇ ದಂಡ.

ನೀರಿಗೆ ಬಾಟಲಿ ಕೊಳ್ಳಬೇಡಿ, ಇಲ್ಲಿಂದಲೇ ಒಂದು ಸ್ಟೀಲ್ ಬಾಟಲಿ ಒಯ್ಯಿರಿ. ರೋಮಿನ ಬೀದಿಬೀದಿಯಲ್ಲಿ ನಸೋನಿ ಅನ್ನೋ ಕಬ್ಬಿಣದ ನಲ್ಲಿಗಳಿವೆ, ಸುಮಾರು 2,500. ತಣ್ಣಗಿನ ಕುಡಿಯೋ ನೀರು ಹಗಲೂ ರಾತ್ರಿ ಹರೀತಿರುತ್ತೆ. ಕೊಳವೆಯ ಬಾಯಿಗೆ ಬೆರಳಿಟ್ಟರೆ ಮೇಲಿನ ತೂತಿನಿಂದ ಕಾರಂಜಿ ಹಾಗೆ ಚಿಮ್ಮುತ್ತೆ, ಬಗ್ಗದೆ ಕುಡಿಯಬಹುದು. ಭಾವನವರ ಸೊಂಟಕ್ಕೂ ಅನುಕೂಲ. ಪ್ಯಾರಿಸಿನಲ್ಲಿ ಊಟಕ್ಕೆ ಕೂತಾಗ 'ಕರಾಫ್ ದೋ' ಅನ್ನಿ, ಹೂಜಿಯಲ್ಲಿ ನಲ್ಲಿ ನೀರು ಪುಕ್ಕಟೆ ತಂದಿಡ್ತಾರೆ. ಬ್ರೆಡ್ಡಿಗೂ ಅಲ್ಲಿ ದುಡ್ಡಿಲ್ಲ, ಸರ್ವಿಸ್ ಬೆಲೆಯಲ್ಲೇ ಸೇರಿರುತ್ತೆ.

ಕೂಡಿಸಿ ನೋಡಿ: ಬೆಳಗ್ಗೆ 7, ಮಧ್ಯಾಹ್ನ ಇಬ್ಬರಿಗೆ 34, ರಾತ್ರಿ ಪಿಜ್ಜಾ, ಹಣ್ಣು, ಒಂದೊಂದು ಜೆಲಾಟೊ ಸೇರಿ 20. ಅರವತ್ತರ ಆಸುಪಾಸು. ಹತ್ತು ದಿನಕ್ಕೆ 600. ಅದರ ಮೇಲೆ ಇನ್ನೊಂದು 100 ಇಡಿ, ಅದಕ್ಕೆ ಕೈ ಹಾಕಬೇಡಿ. ಅದು ಒಂದೇ ಒಂದು ರಾತ್ರಿಗೆ. ಫ್ಲಾರೆನ್ಸಿನಲ್ಲೋ ವೆನಿಸಿನಲ್ಲೋ, ಬಿಳಿ ಬಟ್ಟೆ ಹಾಸಿದ ಮೇಜಿನಲ್ಲಿ, ಬೆಲೆ ನೋಡದೆ ತರಿಸಿಕೊಂಡು, ನಿಧಾನವಾಗಿ ಊಟ ಮಾಡಿ ನೀವಿಬ್ಬರೂ. ಮೂವತ್ತು ವರ್ಷ ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಕೂತವರು ನೀವು. ಒಂದು ರಾತ್ರಿ ಬೇರೆಯವರು ನಿಮಗೆ ಬಡಿಸಲಿ. ಇದನ್ನ ದುಂದು ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸಿ.

ಇನ್ನು ಕಾರ್ಡು. ಬಿಲ್ಲು ಕಟ್ಟುವಾಗ ಮೆಷಿನ್ನು ರೂಪಾಯಿಯಲ್ಲೋ ಯೂರೋದಲ್ಲೋ ಅಂತ ಕೇಳಿದರೆ ಕಣ್ಣುಮುಚ್ಚಿ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರ ಮನಸ್ಸಿಗೆ ಬಂದ ರೇಟು ಹಿಡೀತಾರೆ. ನಮ್ಮ ಬ್ಯಾಂಕಿನ ಕಾರ್ಡುಗಳಲ್ಲಿ ಹೊರದೇಶದ ಖರ್ಚಿಗೆ ಮಾರ್ಕಪ್ ಅಂತ ನೂರಕ್ಕೆ ಮೂರು, ಮೂರೂವರೆವರೆಗೂ ಇರುತ್ತೆ, ಅದರ ಮೇಲೆ ಜಿಎಸ್‌ಟಿ. ಎಷ್ಟು ಅಂತ ಮೊದಲೇ ವಿಚಾರಿಸಿ, ಫಾರೆಕ್ಸ್ ಕಾರ್ಡಿನ ಜೊತೆ ಹೋಲಿಸಿ ನೋಡಿ. ಚಿಲ್ಲರೆ ಕಾಫಿಗೆ ಅಂತ ಸ್ವಲ್ಪ ನೋಟು ಕೈಯಲ್ಲಿರಲಿ.

ಹ್ಞಾಂ, ಕುಕ್ಕರ್ ಕೂಗ್ತಿದೆ ನಿಮ್ಮದು, ಹೋಗಿ. ಒಂದೇ ಮಾತು: 2020ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ಹೊರದೇಶದ ಬಳಕೆ ಮುಚ್ಚಿರುತ್ತೆ, ನಾವೇ ತೆರೀಬೇಕು. ಭಾವನವರ ಕಾರ್ಡು ಹೋದ ವರ್ಷ ತಾನೇ ಹೊಸದಾಗಿ ಬಂದಿದ್ದು? ಸಂಜೆ ಫೋನ್ ಹಿಡ್ಕೊಂಡು ಬರಕ್ಕೆ ಹೇಳಿ, ಆ್ಯಪಿನಲ್ಲಿ ಎರಡು ನಿಮಿಷದ ಕೆಲಸ, ಇಲ್ಲೇ ಕಾಂಪೌಂಡಿನ ಹತ್ತಿರ ನಿಂತು ಮಾಡಿಕೊಡ್ತೀನಿ.